'ಮೊಂತೆ' ಅಂದರೆ ಬೆಟ್ಟ ಅಲ್ವಾ? ಸ್ಪೇನಿನ ಜೂಜಾಟಕ್ಕೆ ಆ ಹೆಸರು ಯಾಕೆ?

ತುಂಗಾತೀರ
ಹಳೇ ಕೌಬಾಯ್ ಸಿನಿಮಾಗಳಲ್ಲಿ ಮೇಜಿನ ಸುತ್ತ ಕೂತವರು ಆಗಾಗ 'ಮಾಂಟಿ' ಅಂತ ಒಂದು ಇಸ್ಪೀಟಾಟದ ಹೆಸರು ಎತ್ತುತ್ತಾರೆ. ಸ್ಪೇನಿನಿಂದ ಮೆಕ್ಸಿಕೋಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಬಂದ ಆಟವಂತೆ. ಮೂಲ ಉಚ್ಚಾರಣೆ 'ಮೊಂತೆ'. ನಿಘಂಟು ತೆಗೆದರೆ ಮೊದಲ ಅರ್ಥವೇ ಬೆಟ್ಟ. ಇಸ್ಪೀಟಿಗೂ ಬೆಟ್ಟಕ್ಕೂ ಏನು ಸಂಬಂಧ? ಇನ್ನೊಂದು ಪ್ರಶ್ನೆ: ರಸ್ತೆ ಬದಿಯಲ್ಲಿ ಮೂರು ಎಲೆ ಮಗುಚಿ ಹಾಕಿ 'ರಾಣಿ ಎಲ್ಲಿ ಹೇಳು' ಅನ್ನುವ ಮೋಸದಾಟಕ್ಕೂ ಇಂಗ್ಲಿಷಿನಲ್ಲಿ ತ್ರೀ ಕಾರ್ಡ್ ಮಾಂಟಿ ಅಂತಲೇ ಹೆಸರು. ಎರಡೂ ಒಂದೇನಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಬೀದಿಬಸವ
ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಗುರು? ಮಾಂಟೆ ಕಾರ್ಲೊ. ಕ್ಯಾಸಿನೊ ಊರು. ಅಲ್ಲಿಂದ ಬಂದ ಹೆಸರು. ಮುಗೀತು.

ಮ್ಯಾಡ್ರಿಡ್_ಮೈಸೂರು
ಬಸವ ಅವರೇ, ವರ್ಷ ನೋಡಿದರೆ ಇದು ಕೂಡಿಬರುವುದಿಲ್ಲ. ಮೊನಾಕೊದ ದೊರೆ ಮೂರನೇ ಚಾರ್ಲ್ಸ್ ಹೆಸರಲ್ಲಿ ಆ ಜಾಗಕ್ಕೆ ಮಾಂಟೆ ಕಾರ್ಲೊ ಅಂತ ಹೆಸರಿಟ್ಟದ್ದು 1866ರಲ್ಲಿ. ಚಾರ್ಲ್ಸನ ಗುಡ್ಡ ಅಂತ ಅರ್ಥ, ಅಷ್ಟೇ. ಮೊಂತೆ ಆಟ ಅದಕ್ಕಿಂತ ಎಷ್ಟೋ ಮೊದಲೇ ಮೆಕ್ಸಿಕೋದಲ್ಲಿ ಮನೆಮಾತಾಗಿತ್ತು. 1849ರ ಚಿನ್ನದ ಹುಚ್ಚಿನ ಕಾಲಕ್ಕೆ ಕ್ಯಾಲಿಫೋರ್ನಿಯಾದ ಜೂಜುಕಟ್ಟೆಗಳಲ್ಲೂ ಅದೇ ಜೋರು. ಎರಡೂ ಹೆಸರಿನ ಬೇರು ಲ್ಯಾಟಿನ್ನಿನ 'ಬೆಟ್ಟ' ಅನ್ನುವ ಪದ ಅನ್ನೋದು ನಿಜ. ಆದರೆ ಆಟ ಊರಿನಿಂದ ಬಂದದ್ದಲ್ಲ.

ಉತ್ತರ ಸ್ಪ್ಯಾನಿಷ್ ನಿಘಂಟಿನಲ್ಲೇ ಇದೆ, ಸ್ವಲ್ಪ ಕೆಳಗೆ ಇಳಿಯಬೇಕು. 'ಮೊಂತೆ' ಪದದ ಅರ್ಥಗಳ ಸಾಲಿನಲ್ಲಿ ಬೆಟ್ಟ, ಕುರುಚಲು ಕಾಡು ಎಲ್ಲ ಆದಮೇಲೆ ಇನ್ನೊಂದು ಬರುತ್ತದೆ: ಎಲ್ಲರಿಗೂ ಎಲೆ ಹಂಚಿದ ಮೇಲೆ, ಮುಂದೆ ಎತ್ತಿಕೊಳ್ಳೋಕೆ ಅಂತ ನಡುವೆ ಉಳಿಯುವ ಎಲೆಗಳು. ಅಂದರೆ ನಾವು ರಮ್ಮಿ ಆಡುವಾಗ ಮಧ್ಯದಲ್ಲಿ ಮಗುಚಿ ಇಡುತ್ತೇವಲ್ಲ, ಆ ಕಟ್ಟು. ಆಟದ ಹೆಸರು ಅಲ್ಲಿಂದಲೇ ಬಂದದ್ದು. ಈ ಆಟದಲ್ಲಿ ಯಾರ ಕೈಯಲ್ಲೂ ಎಲೆ ಇರುವುದಿಲ್ಲ. ಎಲ್ಲರ ಕಣ್ಣೂ ಆ ಕಟ್ಟಿನ ಮೇಲೆ.

ಮದ್ದೂರ್‌ವಡೆ
ಇದರಲ್ಲಿ ಆಶ್ಚರ್ಯ ಏನಿದೆ? ನಮ್ಮಲ್ಲೂ ಹಾಗೇ ಅಲ್ವಾ? ಗುಡ್ಡ ಅಂದರೆ ಬೆಟ್ಟ, ಗುಡ್ಡೆ ಅಂದರೆ ರಾಶಿ. ರಾಗಿ ಗುಡ್ಡೆ, ಕಸದ ಗುಡ್ಡೆ. ಹೊಸತೊಡಕಿನ ದಿನ ನಮ್ಮ ಕಡೆ ಗುಡ್ಡೆ ಬಾಡು ತರುತ್ತಾರೆ. ನಾಲ್ಕಾರು ಮನೆಯವರು ದುಡ್ಡು ಹಾಕಿ, ಮರಿ ಕೊಯ್ದು, ಬಾಳೆಲೆ ಮೇಲೆ ಸಮ ಸಮ ಗುಡ್ಡೆ ಮಾಡಿ ಹಂಚಿಕೊಳ್ಳುವುದು. ಸ್ಪೇನಿನವನಿಗೆ ಎಲೆಗಳ ರಾಶಿ ನೋಡಿ ಬೆಟ್ಟ ನೆನಪಾದರೆ ತಪ್ಪೇನು?

ಮ್ಯಾಡ್ರಿಡ್_ಮೈಸೂರು
ಅಬ್ಬಾ, ಇದು ನನಗೆ ಹೊಳೆದಿರಲೇ ಇಲ್ಲ. ಇನ್ಮೇಲೆ ಯಾರಾದರೂ ಕೇಳಿದರೆ 'ಗುಡ್ಡೆ ಆಟ' ಅಂತಲೇ ಹೇಳುತ್ತೇನೆ.

ಕಾಫಿತೋಟ
ಕುರುಚಲು ಕಾಡು ಅಂದಿರಿ, ಅದೂ ನಮ್ಮ ಕಡೆಗೆ ಹತ್ತಿರ. ಮಲೆ ಅಂದರೆ ಬೆಟ್ಟವೂ ಹೌದು, ಬೆಟ್ಟದ ಕಾಡೂ ಹೌದು.

ಲೆಕ್ಕದಪುಸ್ತಕ
ಎಲೆ ರಾಶಿ ಅನ್ನುವುದಕ್ಕಿಂತ ದುಡ್ಡಿನ ರಾಶಿ ಅನ್ನುವುದೇ ಹೆಚ್ಚು ಸರಿ ಅನ್ನಿಸುತ್ತೆ. ಜೂಜು ನಡೆಸುವವನು ಮೇಜಿನ ನಡುವೆ ಬೆಳ್ಳಿ, ಚಿನ್ನದ ನಾಣ್ಯ ಪೇರಿಸಿ ಇಟ್ಟುಕೊಳ್ಳುತ್ತಿದ್ದ. ಅದಕ್ಕೇ ಇಂಗ್ಲಿಷಿನವರು ಮಾಂಟಿ ಬ್ಯಾಂಕ್ ಅಂದದ್ದು. ಇಟಲಿಯಲ್ಲೂ 'ಮೊಂತೆ' ಅಂದರೆ ಕೂಡಿಟ್ಟ ನಿಧಿ. ಸಿಯೆನಾದ ಮೊಂತೆ ದೇಯಿ ಪಾಸ್ಕಿ ಬ್ಯಾಂಕು 1472ರದು, ಅದರ ಹೆಸರಲ್ಲಿರುವ ಮೊಂತೆ ಬೆಟ್ಟ ಅಲ್ಲ, ದುಡ್ಡಿನ ಗುಡ್ಡೆ. ಬಡವರಿಗೆ ಗಿರವಿ ಮೇಲೆ ಸಾಲ ಕೊಡುವ 'ಮೊಂತೆ ದಿ ಪಿಯೆತಾ'ಗಳನ್ನು ಫ್ರಾನ್ಸಿಸ್ಕನ್ ಸನ್ಯಾಸಿಗಳು ಶುರು ಮಾಡಿದ್ದು ಹದಿನೈದನೇ ಶತಮಾನದಲ್ಲಿ. ಪೆರೂಜಾ ಊರಿನದು 1462. ಸ್ಪೇನಿನಲ್ಲಿ ಅದೇ 'ಮೊಂತೆ ದೆ ಪಿಯೆದಾದ್'. ಮೆಕ್ಸಿಕೋ ನಗರದ್ದು 1775ರಲ್ಲಿ ಶುರುವಾಗಿ ಇವತ್ತಿಗೂ ನಡೆಯುತ್ತಿದೆ, ಒಡವೆ ಇಟ್ಟು ಸಾಲ ತರಬಹುದು. ಹೀಗಿರುವಾಗ ಜೂಜಿನ ಮೊಂತೆ ಮಾತ್ರ ಕಾಗದದ ಎಲೆ ಯಾಕೆ?

ಮ್ಯಾಡ್ರಿಡ್_ಮೈಸೂರು
ವಾದ ಚೆನ್ನಾಗಿದೆ, ಆದರೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೆ. ನಾನು ಹೇಳಿದ ಆ ಅರ್ಥದಲ್ಲಿ ನಿಘಂಟು 'ಎಲೆಗಳು ಅಥವಾ ಬಿಲ್ಲೆಗಳು' ಅನ್ನುತ್ತದೆ. ಅಂದರೆ ದಾಮಿನೊ ಆಟದಲ್ಲೂ ಹಂಚಿ ಉಳಿದ ಬಿಲ್ಲೆಗಳಿಗೆ ಮೊಂತೆ ಅಂತಲೇ ಹೆಸರು. ಮಧ್ಯಾಹ್ನ ಬಾರಿನಲ್ಲಿ ಕೂತು ದಾಮಿನೊ ಆಡುವ ಮುದುಕರ ಮುಂದೆ ದುಡ್ಡಿನ ಗುಡ್ಡೆ ಎಲ್ಲಿದೆ? ಪಣ ಇಲ್ಲದ ಆಟದಲ್ಲೂ ಮೊಂತೆ ಇದೆ ಅಂದಮೇಲೆ, ಅದು ಉಳಿದ ರಾಶಿಯ ಹೆಸರು.

ನಿಮ್ಮ ಗಿರವಿ ಅಂಗಡಿಯ ಮೊಂತೆಯೂ ಅದೇ ಪದದ ಇನ್ನೊಂದು ಕೊಂಬೆ, ಒಪ್ಪುತ್ತೇನೆ. ಮೆಕ್ಸಿಕೋದಲ್ಲಿ ರಾತ್ರಿ ಒಂದು ಮೊಂತೆಯಲ್ಲಿ ಸೋತವನು ಬೆಳಿಗ್ಗೆ ಇನ್ನೊಂದು ಮೊಂತೆಯ ಬಾಗಿಲಲ್ಲಿ ನಿಲ್ಲಬೇಕು. ಹೆಸರಿಟ್ಟವರಿಗೆ ಈ ತಮಾಷೆ ಗೊತ್ತಿತ್ತೋ ಏನೋ.

ಲೆಕ್ಕದಪುಸ್ತಕ
ದಾಮಿನೊ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬ್ಯಾಂಕ್ ಅನ್ನುವ ಬಾಲ ಮಾತ್ರ ದುಡ್ಡಿನದೇ, ಅದನ್ನು ಬಿಟ್ಟುಕೊಡಲ್ಲ.

ಧಾರವಾಡ_ಪೇಡೆ
ಎಲ್ಲಾ ಸರಿ, ಆಡೋದು ಹ್ಯಾಂಗ್ರೀ? ಅದನ್ನ ಯಾರೂ ಹೇಳಲೇ ಇಲ್ಲ.

ಮ್ಯಾಡ್ರಿಡ್_ಮೈಸೂರು
ಸ್ಪೇನಿನ ಕಟ್ಟಿನಲ್ಲಿ 40 ಎಲೆ. 1ರಿಂದ 7, ಆಮೇಲೆ 8 ಮತ್ತು 9 ಇಲ್ಲ, ನೇರವಾಗಿ 10, 11, 12. ಹತ್ತು ಅಂದರೆ 'ಸೋತ' ಅನ್ನುವ ಎಲೆ, ನಮ್ಮ ಗುಲಾಮ. ಹನ್ನೊಂದು ಕುದುರೆ ಸವಾರ. ಹನ್ನೆರಡು ರಾಜ. ರಾಣಿ ಇಲ್ಲವೇ ಇಲ್ಲ. ನಾಲ್ಕು ಜಾತಿ: ಓರೋಸ್ ಅಂದರೆ ಚಿನ್ನದ ನಾಣ್ಯ, ಕೋಪಾಸ್ ಅಂದರೆ ಬಟ್ಟಲು, ಎಸ್ಪಾದಾಸ್ ಅಂದರೆ ಕತ್ತಿ, ಬಾಸ್ತೋಸ್ ಅಂದರೆ ದೊಣ್ಣೆ.

ಜೂಜು ನಡೆಸುವವನು ಕಲೆಸಿದ ಕಟ್ಟಿನ ಅಡಿಯಿಂದ ಎರಡು ಎಲೆ ತೆಗೆದು ಮೇಜಿನ ಮೇಲೆ ತೆರೆದಿಡುತ್ತಾನೆ. ಆ ಜೋಡಿಗೆ 'ಅಲ್ಬೂರ್' ಅಂತ ಹೆಸರು. ಆಮೇಲೆ ಮೇಲಿನಿಂದ ಎರಡು. ಅದು 'ಗಾಯೊ', ಅಂದರೆ ಹುಂಜ. ಆಡುವವರು ಇಷ್ಟಬಂದ ಎಲೆ ಮೇಲೆ ದುಡ್ಡಿಡುತ್ತಾರೆ. ಉಳಿದ ಕಟ್ಟನ್ನು ಮಗುಚಿ ಹಿಡಿದು ಒಂದೊಂದೇ ಎಲೆ ಬಿಚ್ಚುತ್ತಾ ಹೋಗುವುದು. ಕಟ್ಟು ಮಗುಚಿದ ಕೂಡಲೇ ಮೊದಲು ಕಾಣುವ ಎಲೆಗೆ 'ಪುಯೆರ್ತ', ಅಂದರೆ ಬಾಗಿಲು. ಅಲ್ಬೂರಿನಲ್ಲಿ 5 ಮತ್ತು ರಾಜ ಇದ್ದರೆ, ಮೊದಲು 5 ಬಂತೋ ರಾಜ ಬಂತೋ ಅನ್ನುವುದಷ್ಟೇ ಲೆಕ್ಕ. ಮೊದಲು ಬಂದದ್ದು ತನ್ನ ಜೋಡಿಯನ್ನು ಗೆದ್ದ ಹಾಗೆ.

ಅಲ್ಬೂರ್ ಅನ್ನುವುದು ಮೂಲದಲ್ಲಿ ಒಂದು ಮೀನಿನ ಹೆಸರು. ಆಟದಿಂದ ಅದಕ್ಕೆ 'ಬಂದದ್ದು ಬರಲಿ ಅಂತ ಧುಮುಕುವುದು' ಅನ್ನುವ ಅರ್ಥ ಅಂಟಿಕೊಂಡಿತು. ಮೆಕ್ಸಿಕೋದಲ್ಲಿ ಇವತ್ತು ಅಲ್ಬೂರ್ ಅಂದರೆ ದ್ವಂದ್ವಾರ್ಥದ ಪೋಲಿ ಮಾತು.

ಧಾರವಾಡ_ಪೇಡೆ
ಅಯ್ಯೋ, ಇದು ನಮ್ಮ ಅಂದರ್-ಬಾಹರ್ ಇದ್ದಂಗ ಐತಲ್ರೀ! ಅಲ್ಲೂ ಒಂದು ಎಲೆ ತೆರೆದಿಟ್ಟು, ಒಳಗೊಂದು ಹೊರಗೊಂದು ಹಾಕುತ್ತಾ ಹೋಗುವುದು. ಅದೇ ಅಂಕೆಯ ಎಲೆ ಯಾವ ಕಡೆ ಬಿತ್ತೋ ಆ ಕಡೆಯವರು ಗೆದ್ದರು. ಬುದ್ಧಿ ಖರ್ಚು ಮಾಡುವ ಪ್ರಮೇಯವೇ ಇಲ್ಲ.

ಮ್ಯಾಡ್ರಿಡ್_ಮೈಸೂರು
ಜಾತಿ ಒಂದೇ, ಆದರೆ ತಲೆಕೆಳಗು. ಅಂದರ್-ಬಾಹರ್‌ನಲ್ಲಿ ಒಂದೇ ಎಲೆಗೆ ಎರಡು ಜಾಗದ ನಡುವೆ ಪೈಪೋಟಿ. ಮೊಂತೆಯಲ್ಲಿ ಒಂದೇ ಕಟ್ಟಿಗಾಗಿ ಎರಡು ಎಲೆ ಕಾಯುತ್ತವೆ. ಕೈಚಳಕ ಇಲ್ಲದಿದ್ದರೆ ಎರಡೂ ಕಡೆ ಸಮ ಸಮ, ಯಾಕೆಂದರೆ ಅದೇ ಅಂಕೆ ಇನ್ನೊಂದು ಜೋಡಿಯಲ್ಲಿ ಬಿದ್ದಿಲ್ಲದಿದ್ದರೆ ಎರಡು ಎಲೆಗೂ ಕಟ್ಟಿನೊಳಗೆ ಮೂರು ಮೂರು ಜೊತೆ ಉಳಿದಿರುತ್ತವೆ.

ಕಟ್ಟೆಪಂಚಾಯ್ತಿ (ನಿರ್ವಾಹಕ)
ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಒಂದು ಮಾತು: ಆನ್‌ಲೈನ್ ಅಂದರ್-ಬಾಹರ್ ಆಪ್ ಕೊಂಡಿ ಹಾಕಿದ ಎರಡು ಪೋಸ್ಟ್ ತೆಗೆದಿದ್ದೇನೆ. ಸಾರ್ವಜನಿಕ ಜಾಗದಲ್ಲಿ ಪಣ ಕಟ್ಟಿ ಆಡಿದರೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 87 ಇದೆ. ಪತ್ರಿಕೆಯ ಒಳಪುಟದಲ್ಲಿ 'ಜೂಜಾಟ: ಬಂಧನ' ಅಂತ ದಿನಾ ಓದುತ್ತೀರಲ್ಲ, ಅದೇ. ಇಲ್ಲಿ ಹೆಸರಿನ ಮಾತು ಮಾತ್ರ ಸಾಕು.

ಮರಳುಗಾಡು_ಮಾವ
ನಾನು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ ಇರುವುದು. ಸಾಂತಾ ಫೆ ಇಲ್ಲಿಂದ ಗಂಟೆ ದಾರಿ. ಮೊಂತೆ ಅಂದರೆ ಇಲ್ಲಿನವರಿಗೆ ಮೊದಲು ನೆನಪಾಗುವುದು ಒಬ್ಬ ಹೆಂಗಸು: ಹೆರ್ತ್ರೂದಿಸ್ ಬಾರ್ಸೆಲೊ. ಜನ ಕರೆಯುತ್ತಿದ್ದದ್ದು 'ಲಾ ತೂಲೆಸ್' ಅಂತ. ಸೊನೋರಾ ಕಡೆಯಿಂದ ಬಂದವಳು. ಸಾಂತಾ ಫೆಯಲ್ಲಿ ದೊಡ್ಡ ಜೂಜಿನ ಮನೆ ಇಟ್ಟು, ಸ್ವತಃ ಮೊಂತೆ ಹಾಕುತ್ತಿದ್ದಳು. ಗಾಡಿ ಕಟ್ಟಿಕೊಂಡು ಬರುತ್ತಿದ್ದ ಅಮೆರಿಕನ್ ವ್ಯಾಪಾರಿಗಳು, ಊರಿನ ಅಧಿಕಾರಿಗಳು ಎಲ್ಲ ಅವಳ ಮೇಜಿಗೆ ಬರಬೇಕು. 1844ರಲ್ಲಿ ಜೋಸಾಯ ಗ್ರೆಗ್ ಅನ್ನುವ ವ್ಯಾಪಾರಿ ತನ್ನ ಪುಸ್ತಕದಲ್ಲಿ ಅವಳ ಬಗ್ಗೆ ಮೂಗು ಮುರಿದು ಬರೆದ. ಇಂಗ್ಲಿಷ್ ಓದುಗರಿಗೆ ಮೊಂತೆಯ ಪರಿಚಯ ಆದದ್ದು ಇಂಥ ಬರಹಗಳಿಂದಲೇ. ಅವಳು ತೀರಿಕೊಂಡದ್ದು 1852ರಲ್ಲಿ, ಆಗ ಸಾಂತಾ ಫೆ ಅಮೆರಿಕದ ಕೈಗೆ ಬಂದು ಕೆಲವೇ ವರ್ಷ ಆಗಿತ್ತು. ಅವಳ ಜೂಜಿನ ಮನೆ ಇದ್ದದ್ದು ಬರ್ರೋ ಆಲಿ ಅನ್ನುವ ಗಲ್ಲಿಯಲ್ಲಿ. ಬರ್ರೋ ಅಂದರೆ ಕತ್ತೆ. ಸೌದೆ ಹೊತ್ತು ತಂದ ಕತ್ತೆಗಳನ್ನು ಅಲ್ಲಿ ನಿಲ್ಲಿಸುತ್ತಿದ್ದರಂತೆ.

ಇಲ್ಲಿ ಬಂದ ಹೊಸತರಲ್ಲಿ ನನಗೂ ಇದು ಬರೀ ಸಿನಿಮಾ ಕತೆ ಅನ್ನಿಸಿತ್ತು. ಆದರೆ ಆ ಕಾಲದ ನ್ಯೂ ಮೆಕ್ಸಿಕೋದಲ್ಲಿ ಹೆಂಗಸಿಗೆ ತನ್ನ ಹೆಸರಲ್ಲಿ ಆಸ್ತಿ ಇಟ್ಟುಕೊಳ್ಳುವ ಹಕ್ಕು ಇತ್ತು. ಮದುವೆಯಾದರೂ ಅವಳ ಆಸ್ತಿ ಅವಳದೇ.

ತುಂಗಾತೀರ
ಇದು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್ ಸಾರ್. ಹಾಗಾದರೆ ಮೂರೆಲೆ ಮೋಸಕ್ಕೆ ಈ ಹೆಸರು ಹೇಗೆ ಅಂಟಿತು?

ಕರಾವಳಿ_ಕಪ್ಪೆಚಿಪ್ಪು
ಅದೇ ನನಗೂ ಅರ್ಥ ಆಗದ್ದು ಮಾರಾಯ್ರೆ. ಗುಡ್ಡೆ ಅಂದರೆ ಮೊಂತೆ. ಮೂರೇ ಎಲೆಯ ಆಟದಲ್ಲಿ ಗುಡ್ಡೆ ಎಲ್ಲಿಂದ ಬರಬೇಕು?

ಮರಳುಗಾಡು_ಮಾವ
ಎಲ್ಲಿಂದಲೂ ಬರುವುದಿಲ್ಲ. ಮೂರೆಲೆಯವರು ಹೆಸರನ್ನು ಎರವಲು ತಂದರು ಅಷ್ಟೇ. 1850ರ ಹೊತ್ತಿಗೆ ಅಮೆರಿಕದ ಪಶ್ಚಿಮದಲ್ಲಿ ಮೊಂತೆ ಎಲ್ಲರೂ ಕಂಡಿದ್ದ, ಮೇಜು ಹಾಕಿ ರಾಜಾರೋಷವಾಗಿ ಆಡುತ್ತಿದ್ದ ಆಟ. ಮೋಸಗಾರನಿಗೆ ಬೇಕಾದ್ದು ಅಂಥ ಒಂದು ಗುರುತಿನ ಹೆಸರು. 'ಬನ್ನಿ, ಇದು ಮೂರೆಲೆ ಮೊಂತೆ' ಅಂದರೆ ಹಳ್ಳಿಯಿಂದ ಬಂದವನು ಇದೂ ನಿಯಮ ಇರುವ ಜೂಜು ಅಂದುಕೊಳ್ಳುತ್ತಾನೆ. ನಿಜದಲ್ಲಿ ಅದು ಜೂಜೇ ಅಲ್ಲ. ಜೂಜಿನಲ್ಲಿ ಗೆಲ್ಲುವ ಸಾಧ್ಯತೆ ಅಂತ ಒಂದಿರುತ್ತೆ.

ಇದರಲ್ಲಿ ಹೆಸರು ಮಾಡಿದವನು ಕೆನಡಾ ಬಿಲ್ ಜೋನ್ಸ್. ಮಿಸಿಸಿಪ್ಪಿಯ ಹಬೆದೋಣಿಗಳಲ್ಲಿ, ರೈಲುಗಳಲ್ಲಿ ಗಮಾರನಂತೆ ವೇಷ ಹಾಕಿ, ಪೆದ್ದುಪೆದ್ದಾಗಿ ಮಾತಾಡುತ್ತಾ ಜನರ ಜೇಬು ಖಾಲಿ ಮಾಡುತ್ತಿದ್ದ. ಹಾಗೆ ಗಳಿಸಿದ ದುಡ್ಡನ್ನೆಲ್ಲ ಬೇರೆ ಜೂಜಿನಲ್ಲಿ ತಾನೇ ಕಳೆದುಕೊಂಡ.

ಜಾದೂ_ಜೋಳಿಗೆ
ಕೈಚಳಕದ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ಸುಮ್ನೆ ತಿಳಿದಿರಲಿ. ಒಂದೇ ಕೈಯಲ್ಲಿ ಎರಡು ಎಲೆ ಹಿಡಿದಿರುತ್ತಾರೆ, ಒಂದರ ಮೇಲೊಂದು, ನಡುವೆ ಬೆರಳಷ್ಟು ಜಾಗ. ರಾಣಿ ಕೆಳಗಿನದು. ಕೈ ಬೀಸಿ ಎಲೆ ಹಾಕಿದಾಗ ಕೆಳಗಿನದೇ ಬಿತ್ತು ಅಂತ ಕಣ್ಣು ನಂಬುತ್ತೆ. ಬಿದ್ದದ್ದು ಮೇಲಿನದು. ಆಮೇಲೆ ನೀವು ಎಷ್ಟೇ ನಿಗಾ ಇಟ್ಟು ನೋಡಿದರೂ ನೋಡುತ್ತಿರುವುದು ತಪ್ಪು ಎಲೆಯನ್ನು. ಜಾಸ್ತಿ ಕೆಲಸ ಕೈಯದಲ್ಲ, ಸುತ್ತ ನಿಂತವರದು. ಒಬ್ಬ ಗೆದ್ದಂತೆ ನಟಿಸುತ್ತಾನೆ. ಇನ್ನೊಬ್ಬ ಎಲೆಯ ಮೂಲೆ ಮಡಿಸಿ ನಿಮಗೆ ಕಣ್ಣು ಹೊಡೆಯುತ್ತಾನೆ. ಮೂರನೆಯವನು 'ಪೊಲೀಸ್' ಅಂತ ಕೂಗುತ್ತಾನೆ. ಮೂಲೆ ಮಡಿಸಿದ ಎಲೆ ಮೇಲೆ ದುಡ್ಡಿಟ್ಟವನ ಕತೆ ಕೇಳಬೇಡಿ. ಹಾಕುವವನು ಅಷ್ಟರಲ್ಲಿ ಆ ಮಡಿಕೆ ಬಿಡಿಸಿ, ಬೇರೆ ಎಲೆಯ ಮೂಲೆ ಮಡಿಸಿರುತ್ತಾನೆ.

ಕರಾವಳಿ_ಕಪ್ಪೆಚಿಪ್ಪು
ನಮ್ಮ ಚಿಕ್ಕಪ್ಪ ಒಂದು ಜಾತ್ರೆಯಲ್ಲಿ ಇದಕ್ಕೇ ವಾಚು ಬಿಚ್ಚಿ ಕೊಟ್ಟು ಬಂದಿದ್ದರು. ಮನೆಯಲ್ಲಿ ಹೊಳೆಗೆ ಬಿತ್ತು ಅಂತ ಹೇಳಿದ್ದರು. ಆ ಕಡೆ ಹೊಳೆಯೇ ಇಲ್ಲ.

ಮ್ಯಾಡ್ರಿಡ್_ಮೈಸೂರು
ತಮಾಷೆ ಏನು ಗೊತ್ತಾ? ಸ್ಪೇನಿನಲ್ಲಿ ಈ ಮೋಸಕ್ಕೆ ಮೊಂತೆ ಅಂತ ಯಾರೂ ಅನ್ನುವುದಿಲ್ಲ. ಇಲ್ಲಿ ಅದು 'ತ್ರಿಲೆ', ಆಡಿಸುವವನು 'ತ್ರಿಲೇರೊ'. ಎಲೆ ಬದಲು ಮೂರು ಮುಚ್ಚಳ, ಒಂದು ಗೋಲಿ ಇದ್ದರೂ ಅದೇ ಹೆಸರು. ಮಾತು ಬದಲಿಸುವ ರಾಜಕಾರಣಿಗಳನ್ನೂ ಪತ್ರಿಕೆಗಳು ತ್ರಿಲೇರೊ ಅಂತ ಬೈಯುತ್ತವೆ. ಫ್ರೆಂಚರದು ಮತ್ತೆ ಬೇರೆ ಹೆಸರು, ಬೊನ್ನೆತೊ. ಮೂರೆಲೆಗೆ ಮೊಂತೆ ಅನ್ನುವುದು ಇಂಗ್ಲಿಷ್ ಮಾತಾಡುವವರ ಕೆಲಸ.

ಹಳೇಕಡತ
ಹೆಸರಿನ ಬೇರು ಹುಡುಕುವುದಾದರೆ ಮೊಂತೆಗಿಂತ ಸ್ವಾರಸ್ಯ ಇಸ್ಪೀಟು ಪದದಲ್ಲೇ ಇದೆ. ಇಂಗ್ಲಿಷಿನ ಸ್ಪೇಡ್ ಅಂದರೆ ಸಲಿಕೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಎಲೆ ಮೇಲಿನ ಆ ಪದ ಸಲಿಕೆಯಲ್ಲ. ಅದು ಸ್ಪೇನಿನ 'ಎಸ್ಪಾದಾ', ಇಟಲಿಯ 'ಸ್ಪಾದಾ'. ಎರಡೂ ಕತ್ತಿಯೇ. ಇಂಗ್ಲಿಷರು ಆಮೇಲೆ ಫ್ರಾನ್ಸಿನ ಚಿತ್ರ ತಗೊಂಡರು, ಹೆಸರು ಮಾತ್ರ ಹಳೇದೇ ಉಳಿಸಿಕೊಂಡರು. ಕ್ಲಬ್ಸ್ ಕತೆಯೂ ಅದೇ. ಚಿತ್ರದಲ್ಲಿರುವುದು ಮೂರೆಸಳಿನ ಸೊಪ್ಪು, ಹೆಸರು ದೊಣ್ಣೆ. ಸ್ಪೇನಿನ ಬಾಸ್ತೋಸ್ ಅಲ್ಲಿ ಅಡಗಿ ಕೂತಿದೆ. ಡಚ್ಚರು ಮಾತ್ರ ಚಿತ್ರ ನೋಡಿ ಹೆಸರಿಟ್ಟರು, ಕ್ಲಾವೆರೆನ್ ಅಂತ. ನಮ್ಮ ಕಳಾವರ್ ಯಾರಿಗೆ ಹತ್ತಿರ ಅಂತ ನೀವೇ ನೋಡಿ.

ಹಾಗಾಗಿ ಊರ ಅರಳಿಕಟ್ಟೆ ಮೇಲೆ 'ಇಸ್ಪೀಟ್ ಆಡೋಣ ಬಾ' ಅಂದವನು ತನಗೆ ಗೊತ್ತಿಲ್ಲದೆ ಕತ್ತಿ ಹಿಡಿದಿದ್ದಾನೆ. ಒಂದು ಜಾತಿಯ ಹೆಸರು ನಮ್ಮಲ್ಲಿ ಇಡೀ ಆಟಕ್ಕೆ, ಇಡೀ ಕಟ್ಟಿಗೆ ಹೆಸರಾಗಿಬಿಟ್ಟಿತು.

ಮದ್ದೂರ್‌ವಡೆ
ಈ ಮಾತು ಯುಗಾದಿ ದಿನ ಕಟ್ಟೆ ಮೇಲೆ ಹೇಳಿದರೆ ನನ್ನನ್ನ ಆಟದಿಂದ ಎಬ್ಬಿಸಿ ಕಳಿಸುತ್ತಾರೆ.

ಹಳೇಕಡತ
ಇನ್ನೂ ಹಿಂದಕ್ಕೆ ಹೋಗಿ. ಇಸ್ಪೀಟ್ ಎಲೆಗೆ ಸ್ಪ್ಯಾನಿಷ್‌ನಲ್ಲಿ 'ನಾಯ್ಪೆ' ಅನ್ನುತ್ತಾರೆ. 1371ರಲ್ಲಿ ಜೌಮೆ ಮಾರ್ಕ್ ಬರೆದ ಕತಲಾನ್ ಪ್ರಾಸ ನಿಘಂಟಿನಲ್ಲೇ 'ನಾಯ್ಪ್' ಇದೆ. ಇದು ಅರಬ್ಬಿಯ 'ನಾಯಿಬ್', ಅಂದರೆ ದೊರೆಯ ಪ್ರತಿನಿಧಿ, ಅಂತ ಹೆಚ್ಚಿನವರು ಒಪ್ಪುತ್ತಾರೆ. ಹಿಂದೆ ಈಜಿಪ್ಟನ್ನು ಆಳಿದ ಮಾಮ್ಲೂಕರ ಎಲೆಗಳಲ್ಲಿ ರಾಜನ ಕೆಳಗೆ ನಾಯಿಬ್, ಅವನ ಕೆಳಗೆ ಎರಡನೇ ನಾಯಿಬ್. ಆ ಕಟ್ಟು ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಯಲ್ಲಿ ಉಳಿದಿದೆ. ಜಾತಿಗಳು ನಾಣ್ಯ, ಬಟ್ಟಲು, ಕತ್ತಿ, ಪೋಲೊ ಕೋಲು. ಪೋಲೊ ಕೋಲೇ ಸ್ಪೇನಿಗೆ ಬಂದು ದೊಣ್ಣೆ ಆಯಿತು. ಇನ್ನು ನಾಯಿಬ್ ಪದದ ಬಹುವಚನ ನುವ್ವಾಬ್. ಅದೇ ನಮ್ಮ ನವಾಬ. ಸವಣೂರಿನ ನವಾಬರಿಗೂ ಮ್ಯಾಡ್ರಿಡ್ ಬಾರಿನ ಎಲೆಗೂ ಒಂದೇ ಪದ.

ಬೀದಿಬಸವ
ಮೊಂತೆ ಕೇಳಿದರೆ ನವಾಬರ ತನಕ ಹೋದಿರಿ. ರಾತ್ರಿ ಒಂದು ಗಂಟೆ ಆಯಿತು, ನಾನು ಇನ್ನೂ ಓದುತ್ತಾ ಇದ್ದೇನೆ.

ಲೆಕ್ಕದಪುಸ್ತಕ
ಎಲೆಗಳು ಸ್ಪೇನಿನಿಂದ ಮೆಕ್ಸಿಕೋಗೆ ಹೋದ ದಾರಿಯೂ ದುಡ್ಡಿನ ಕತೆಯೇ. ಇಸ್ಪೀಟ್ ಎಲೆ ಮಾರುವ ಹಕ್ಕು ಸ್ಪೇನಿನ ದೊರೆಯದು. ಹೊಸೆ ದೆ ಗಾಲ್ವೆಸ್ ಅನ್ನುವ ಮಂತ್ರಿ 1776ರಲ್ಲಿ ಮಾಲಗ ಕಡೆಯ ತನ್ನ ಹುಟ್ಟೂರು ಮಾಚಾರವಿಯಾಯಾದಲ್ಲಿ ಎಲೆ ಕಾರ್ಖಾನೆ ಹಾಕಿಸಿದ. ಅಮೆರಿಕದ ವಸಾಹತುಗಳಿಗೆಲ್ಲ ಅಲ್ಲಿಂದಲೇ ಎಲೆ ಹೋಗಬೇಕು. ಬೆಟ್ಟದ ಮೇಲಿನ ಪುಟ್ಟ ಹಳ್ಳಿ ಅದು. ಜೂಜು ಕೆಟ್ಟದ್ದು ಅಂತ 1771ರಲ್ಲಿ ಪಣದ ಆಟಗಳನ್ನು ನಿಷೇಧಿಸಿದ್ದೂ ಅದೇ ದೊರೆ, ಮೂರನೇ ಕಾರ್ಲೋಸ್. ಆಡಬೇಡಿ, ಆದರೆ ಎಲೆ ನಮ್ಮದನ್ನೇ ಕೊಳ್ಳಿ. ಸರಕಾರಗಳು ಎಲ್ಲಾ ಕಾಲಕ್ಕೂ ಸರಕಾರಗಳೇ.

ತುಂಗಾತೀರ
ಒಂದು ಸ್ಪ್ಯಾನಿಷ್ ಕಟ್ಟು ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸುತ್ತಿದೆ. ಮುಂದಿನ ತಿಂಗಳು ತಂಗಿ ಬಾರ್ಸೆಲೋನಾ ಕಡೆ ಹೋಗುತ್ತಿದ್ದಾಳೆ. ಏನಂತ ಕೇಳಬೇಕು?

ಮ್ಯಾಡ್ರಿಡ್_ಮೈಸೂರು
'ಬರಾಹ ಎಸ್ಪಾನ್ಯೋಲಾ' ಅಂತ ಕೇಳಲಿ. ಸ್ಟೇಷನರಿ ಅಂಗಡಿ, ಸಿಗರೇಟ್ ಅಂಗಡಿ ಎಲ್ಲ ಕಡೆ ಸಿಗುತ್ತೆ. ಫೂರ್ನಿಯೆ ಕಂಪನಿಯದು ತರಲಿ. ವಿತೋರಿಯಾ ಊರಿನಲ್ಲಿ 1868ರಲ್ಲಿ ಶುರುವಾದದ್ದು. ಆ ಊರಿನಲ್ಲಿ ಇಸ್ಪೀಟ್ ಎಲೆಗಳದ್ದೇ ಒಂದು ಮ್ಯೂಸಿಯಂ ಇದೆ. 40 ಎಲೆಯ ಕಟ್ಟು ಸಿಗದೆ 50 ಎಲೆಯದ್ದು ಸಿಕ್ಕರೂ ಪರವಾಗಿಲ್ಲ, 8, 9 ಮತ್ತು ಎರಡು ಜೋಕರ್ ಎತ್ತಿಟ್ಟರೆ ಆಯಿತು.

ಕೈಗೆ ಬಂದಮೇಲೆ ಎಲೆಯ ಅಂಚಿನ ಗೆರೆ ನೋಡಿ. ಸುತ್ತ ಇರುವ ಚೌಕಟ್ಟು ಮೇಲೆ ಕೆಳಗೆ ಅಲ್ಲಲ್ಲಿ ತುಂಡಾಗಿರುತ್ತೆ. ನಾಣ್ಯಕ್ಕೆ ಒಂದೂ ತುಂಡಿಲ್ಲ, ಬಟ್ಟಲಿಗೆ ಒಂದು, ಕತ್ತಿಗೆ ಎರಡು, ದೊಣ್ಣೆಗೆ ಮೂರು. ಇದಕ್ಕೆ 'ಪಿಂತ' ಅನ್ನುತ್ತಾರೆ. ಎಲೆ ಪೂರ್ತಿ ಬಿಚ್ಚದೆ, ತುದಿ ಮಾತ್ರ ಕೂದಲೆಳೆಯಷ್ಟು ಸರಿಸಿದರೆ ಯಾವ ಜಾತಿ ಅಂತ ಗೊತ್ತಾಗುತ್ತೆ. ಪಕ್ಕದವನಿಗೆ ಕಾಣುವುದಿಲ್ಲ.

ಜಾದೂ_ಜೋಳಿಗೆ
ಮೊಂತೆ ಹಾಕುವವನಿಗೂ ಅದು ಗೊತ್ತಿರುತ್ತೆ ಅನ್ನುವುದು ನೆನಪಿರಲಿ. ಕಟ್ಟು ಹಿಡಿದಿರುವುದು ಅವನು.

ಧಾರವಾಡ_ಪೇಡೆ
ಎರಡು ಕಟ್ಟು ತರಿಸ್ರೀ. ಒಂದು ನನಗ. ದುಡ್ಡು ಈಗಲೇ ಕಳಿಸ್ತೀನಿ, ಪಣ ಅಲ್ಲ, ರೇಟು.